ನಿನ್ನ ಕುದುರೆ ಏನು ತಿನ್ನುತ್ತದೆ

ಅಟಾರ್ ದಾಟಿ ಡಾಂಬರು ಮುಗಿದಲ್ಲಿ
ಯೆಸ್ಲಿಮ್ ಗಾಡಿ ನಿಲ್ಲಿಸಿದ.
ಒಂದೊಂದು ಚಕ್ರದ ಮುಂದೂ ಕುಕ್ಕರಗಾಲಲ್ಲಿ ಕೂತು
ಬೆಂಕಿಕಡ್ಡಿಯ ತುದಿಯಿಂದ
ಗಾಳಿ ಬಿಟ್ಟ,
ಎಷ್ಟು ಸಾಕೆಂದು ಸದ್ದಿನಲ್ಲೇ ಅಳೆಯುತ್ತ.
"ಬಿಗಿದುಕೊಂಡವರನ್ನು ಇದು ಹೂಳುತ್ತದೆ" ಅಂದ.
ಚಕ್ರಕ್ಕೇ ಹೇಳಿದನೋ ಏನೋ.
ನಾನು ನೀರಿನ ಬಾಟಲಿಗಳನ್ನು ಮೂರನೆಯ ಸಲ ಎಣಿಸುತ್ತಿದ್ದೆ.

ಹನ್ನೆರಡು. ಬೆಳಗ್ಗೆಯೂ ಹನ್ನೆರಡೇ ಇದ್ದವು.

ಆಮೇಲೆ ದಾರಿ ಅನ್ನುವುದು ಇರಲಿಲ್ಲ,
ಯೆಸ್ಲಿಮನ ಗದ್ದ ಯಾವ ಕಡೆಗೋ ಅದೇ ದಾರಿ.
ಮಧ್ಯಾಹ್ನ ಬಾನಂಚಿನಲ್ಲಿ ಕೆರೆಯೊಂದು ಮಲಗಿತ್ತು,
ದಂಡೆಯ ಮೇಲೆ ಮರದಂಥವು, ತಲೆಕೆಳಗಾಗಿ.
ಇದಕ್ಕೆ ನಮ್ಮಲ್ಲಿ ಬಿಸಿಲ್ಗುದುರೆ ಅನ್ನುತ್ತೇವೆ, ಅಂದೆ,
ಇಬ್ಬರಿಗೂ ಅರೆಬರೆ ಬರುವ ಫ್ರೆಂಚಿನಲ್ಲಿ:
ಬಿಸಿಲಿನ ಕುದುರೆ.
ಅವನು ಗೇರು ಬದಲಿಸುವುದನ್ನೇ ಮರೆತ.
"ಕುದುರೆ? ಇಲ್ಲಿ?
ಒಂಟೆಯೇ ಯೋಚಿಸಿ ಹೆಜ್ಜೆ ಇಡುವಲ್ಲಿ?
ನಿನ್ನ ಕುದುರೆ ಏನು ತಿನ್ನುತ್ತದೆ?"
ನನಗೆ ಗೊತ್ತಿರಲಿಲ್ಲ.
ಐವತ್ತೆರಡು ವರ್ಷ ಆ ಮಾತಾಡಿದ್ದೇನೆ,
ಅದಕ್ಕೆ ಒಂದು ಹಿಡಿ ಹುಲ್ಲು ಹಾಕಿದವಳಲ್ಲ.

ಸಂಜೆ ಜಾಲಿಯ ಮುಳ್ಳು ಒಟ್ಟಿ ಚಹಾಕ್ಕಿಟ್ಟ.
ಮುಚ್ಚಳ ಕುಣಿಯತೊಡಗಿದಾಗ
ತಮಾಷೆಗೆ ಹೇಳಿದೆ: ನೋಡು, ನೀರು ಮರಳುತ್ತಿದೆ.
ಇದು, ಅಂಗಾಲ ಕೆಳಗಿನದು, ಮರಳು.
ಮನೆಗೆ ವಾಪಸು ಹೋದರೆ ಅದೂ ಮರಳುವುದೇ.
ಒಂದೇ ಪದವಾ?
ಸದ್ದಿಗೆ ಒಂದೇ.
ಅವನು ಎತ್ತರದಿಂದ ಲೋಟಕ್ಕೆ ಲೋಟ ಸುರಿಯುತ್ತ
ನೊರೆ ಏಳುವ ತನಕ ಸುಮ್ಮನಿದ್ದ.
"ಹಾಗಾದರೆ ನಿಮ್ಮವರೂ ಯಾವಾಗಲೋ
ಇಂಥಲ್ಲಿ ದಾರಿ ತಪ್ಪಿದ್ದಾರೆ."
ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.
ರಾತ್ರಿಯ ಚಳಿ ಎಂಥದ್ದು ಅಂದರೆ
ಹಗಲಿಗೆ ಬೈದದ್ದನ್ನೆಲ್ಲ ಹಿಂದಕ್ಕೆ ತಗೊಂಡೆ.

ಶೂಮ್‌ನಲ್ಲಿ ಇಳಿಸಿ ಹೋದ.
ಪ್ಲಾಟ್‌ಫಾರಂ ಇಲ್ಲ, ಗಂಟೆಯಿಲ್ಲ;
ರೈಲು ಬರುವುದು ಮೊದಲು ಹಳಿಗೆ ಗೊತ್ತಾಯಿತು, ಆಮೇಲೆ ನಾಯಿಗೆ,
ಕೊನೆಗೆ ನಮಗೆ.
ಅದಿರಿನ ಡಬ್ಬಿಗಳು, ಮುಗಿಯದಷ್ಟು ಡಬ್ಬಿಗಳು.
ಕಬ್ಬಿಣದ ಪುಡಿಯ ದಿಬ್ಬದ ಮೇಲೆ ನಾನು ಹತ್ತುವಷ್ಟರಲ್ಲಿ
ತೆಕ್ಬೆರ್ ಎಂಬಾಕೆ ಆಗಲೇ ಹಾಸಿಗೆ ಹಾಸಿದ್ದಳು,
ಜೊತೆಗೆ ಐದು ಮೇಕೆ, ಒಂದು ಹೊಲಿಗೆ ಯಂತ್ರ.
ನಾನು ದುಪಟ್ಟಾ ಕಟ್ಟಿದ ರೀತಿಗೆ ನಕ್ಕು, ಬಿಚ್ಚಿ,
ಕಣ್ಣು ಮಾತ್ರ ಉಳಿಯುವಂತೆ ಸುತ್ತಿದಳು.
ಮಕ್ಕಳೆಷ್ಟು ಅಂತ ಬೆರಳಲ್ಲಿ ಕೇಳಿದಳು.
ಬರಿಯ ಅಂಗೈ ತೋರಿಸಿದೆ.
ಸ್ವಲ್ಪ ಹೊತ್ತು ನೋಡಿ
ಎಲ್ಲಕ್ಕಿಂತ ಚಿಕ್ಕ ಮೇಕೆಯನ್ನೆತ್ತಿ ನನ್ನ ಮಡಿಲಲ್ಲಿಟ್ಟಳು.
ಕರುಣೆಯಲ್ಲ; ಅವಳಿಗೆ ನಿದ್ದೆ ಮಾಡಬೇಕಿತ್ತು.
ಮಾಡಿದಳು.
ಅದು ರಾತ್ರಿಯಿಡೀ ನನ್ನ ಮೊಣಕೈ ನೆಕ್ಕಿತು, ಉಪ್ಪಿಗಾಗಿ.

ಬೆಳಗ್ಗೆ ನುವಾದಿಬು. ಮೊದಲು ಮೀನಿನ ವಾಸನೆ, ಆಮೇಲೆ ಕಡಲು.
ಮರಳು ಅಲ್ಲಿಯವರೆಗೂ ಬಂದು, ನೀರಿಗಿಳಿದು,
ಏನೂ ಆಗಿಲ್ಲವೆಂಬಂತೆ ಒಳಗೊಳಗೇ ಮುಂದುವರಿದಿತ್ತು.
ಮೂರು ಸಲ ಮುಳುಗಿದೆ. ಮೈಯ ಕಪ್ಪು ಹೋಗಲಿಲ್ಲ.
ಬಲೆ ಹೊಲಿಯುತ್ತಿದ್ದ ಸೆನೆಗಲ್ ಹುಡುಗ ಡೆಂಬಾ
ಸೋಪು ಎಸೆದ,
ಒಂದು ಗಳಿಗೆ ಬಿಟ್ಟು, ಪಾತ್ರೆ ತಿಕ್ಕುವ ನಾರನ್ನೂ.

ಈಗ ಲಾಸ್ ಪಾಲ್ಮಾಸ್. ದ್ವೀಪ.
ಬಸ್ ನಿಲ್ದಾಣದ ಮಾಡಿನ ಮೇಲೆ ಜಿಟಿಜಿಟಿ ಮಳೆ.
ಹೋಟೆಲಿನಲ್ಲಿ ನಲ್ಲಿ ತಿರುಗಿಸಿದರೆ
ಬೇರೆಯವರ ದುಡ್ಡು ಎಣಿಸಿದ ಹಾಗಾಗಿ ಮುಚ್ಚಿಬಿಡುತ್ತೇನೆ.
ಉಗುರಿನ ಸಂದಿಯಲ್ಲಿ ಅದಿರು ಇನ್ನೂ ಇದೆ.
ಫೋನಿನಲ್ಲಿ ಯೆಸ್ಲಿಮನ ದನಿ, ಹನ್ನೊಂದು ಸೆಕೆಂಡು,
ಹಿಂದೆ ಗಾಳಿ, ಎಂಜಿನ್ನು:
"ಇವತ್ತು ಮಧ್ಯಾಹ್ನ ನಿನ್ನ ಕುದುರೆ ಸಿಕ್ಕಿತ್ತು.
ತೀರ ಬಡಕಲಾಗಿದೆ.
ಗಾಡಿ ನಿಲ್ಲಿಸಿ ಒಂದು ರೊಟ್ಟಿ ಇಟ್ಟು ಬಂದೆ."

ತಿಂದಿತಾ ಅಂತ ಕೇಳಬೇಕು.
ಬಸ್ಸು ಬಂತು.